ಸಿಗಡಿಗೊಂದು ಫ್ರಿಜ್ಜು

ಅಕ್ಕಾ,

ಕಡಬದ ನಿನ್ನ ಮನೆಗೆ ಹೋಗುವ ಬಸ್ಸು ಆಲಂಕಾರಿನ ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತದೆ. ಆದರೂ ಇದನ್ನು ನಿನಗೆ ಕಳಿಸುವುದಿಲ್ಲ.

ನಮ್ಮ ಚಾವಡಿಗೆ ಕಡಲು ಬಂದಿದೆ. ಗೋಡೆಯುದ್ದದ ಗಾಜಿನ ತೊಟ್ಟಿ, ಅದರ ತುಂಬ ಉಪ್ಪುನೀರು. ಹಲಸಿನ ಸೊಳೆ ಹಾಕಿಟ್ಟ ಭರಣಿ ಬಿಟ್ಟರೆ ಈ ಮನೆ ಉಪ್ಪುನೀರು ಕಂಡದ್ದೇ ಇಲ್ಲ. ಇವತ್ತು ಮೀನು ಆರಿಸಲು ಅಪ್ಪನ ಜೊತೆ ಪುತ್ತೂರಿನ ಅಂಗಡಿಗೆ ಹೋಗಿದ್ದೆ.

ಅಪ್ಪನ ಮೊದಲ ಪ್ರಶ್ನೆ: "ಸಸ್ಯಾಹಾರಿ ಮೀನು ಉಂಟಾ?"

ಅಂಗಡಿಯವನು ನಗು ನುಂಗಿಕೊಂಡು, ಪಾಚಿ ಮೇಯುವ ಹಳದಿ ಮೀನು ತೋರಿಸಿದ.

"ಹಣ್ಣಾದ ಎಲೆಯ ಹಾಗೆ ಉಂಟು. ಇದರಲ್ಲಿ ನೋಡುದು ಎಂತ?" ಎಂದ ಅಪ್ಪನ ಕಣ್ಣು ಮೂಲೆಯ ಸಿಂಹಮೀನಿಗೆ ಅಂಟಿತ್ತು. ಮೈತುಂಬ ಪಟ್ಟೆ, ವೇಷ ಕಟ್ಟಿ ನಿಂತವನ ಗತ್ತು.

"ಅದು ಸಿಗಡಿ ತಿನ್ನುದು ಮಾರಾಯ್ರೆ. ಫ್ರಿಜ್ಜಿನಲ್ಲಿ ತಂದಿಡಬೇಕಾಗ್ತದೆ."

"ಅದು ಹುಟ್ಟಿದ್ದೇ ಹಾಗೆ. ಅದಕ್ಕೆ ಬೈದು ಎಂತ ಮಾಡುದು? ಬೇರೆ ಫ್ರಿಜ್ಜು ತರುವ."

ಎಂಥ ದೊಡ್ಡ ಮನಸ್ಸು, ನೋಡು! ಮದುವೆಯಾಗಿ ಮಧ್ಯಾಹ್ನದ ಊಟದ ಹೊತ್ತಿಗೆ ತೀರ್ಥರಾಮ ಭಾವನೊಂದಿಗೆ ಬಂದ ನಿನ್ನನ್ನು, "ಮೀನು ತಿನ್ನುವವರು ಒಳಗೆ ಬರುದು ಬೇಡ" ಎಂದು ಅಂಗಳದಿಂದಲೇ ಕಳಿಸಿದ ಮಹಾತ್ಮರು ಇವರೇ. ಅಮ್ಮ ತಂದ ನೀರಿನ ಚೆಂಬೂ ಮೆಟ್ಟಿಲು ಇಳಿಯಲಿಲ್ಲ. ನಾನು ಕಂಬ ಹಿಡಿದು ನಿಂತಿದ್ದೆ.

ಬರುವಾಗಲೇ ಫ್ರಿಜ್ಜೂ ತಂದೆವು. ಸಿಗಡಿ ಹಾಕುವ ಕೆಲಸ ನನಗೆ ಬಂದಿದೆ. ರಾತ್ರಿ ಬಾಳೆಲೆಯ ಮುಂದೆ ಕೂತ ಅಪ್ಪ, ಅನ್ನಕ್ಕೆ ಕೈ ಹಾಕುವ ಮೊದಲು ಚಾವಡಿಯ ಕಡೆ ನೋಡಿ ಕೇಳಿದರು:

"ಅದರದ್ದು ಊಟ ಆಯ್ತಾ?"