ರಸ್ತೆಯ ಮೂಗು

ಫೆಬ್ರವರಿ 3, ಸೋಮವಾರ

ಇವತ್ತು ಉಪವಾಸ. ಸೋಮವಾರವಾದ್ದರಿಂದ ಮೌನವೂ. ಬೆಳಕು ಹರಿಯುವ ಮೊದಲೇ ಎದ್ದು ಅಂಗಡಿ ಗುಡಿಸಿ, ನಾವಿರುವ ಹಿಂದಿನ ಕೋಣೆ ಒರೆಸಿ, ಇವರಿಗೆ ಅಡುಗೆ ಮಾಡಿಟ್ಟೆ. ದೇವರ ಬೆಳ್ಳಿ ದೀಪ ಉಜ್ಜಿದೆ. ಕನ್ನಡಿಯ ಹಾಗೆ ಹೊಳೆಯಿತು. ನನ್ನ ಮುಖ ಉದ್ದಕ್ಕೆ ಕಂಡಿತು.

ಇವರು ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಾ ಹೇಳಿದರು — "ವಾರದಲ್ಲಿ ಒಂದು ದಿನ ನನ್ನ ಕಿವಿಗೂ ರಜೆ ಕೊಡ್ತೀಯಲ್ಲ, ಪುಣ್ಯಾತ್ಗಿತ್ತಿ."

ಮೂವತ್ತು ವರ್ಷದಿಂದ ಅದೇ ಮಾತು. ಇವತ್ತೂ ನಗು ಬಂತು.

ರಸ್ತೆ ಕೆಲಸ ನಮ್ಮ ಅಂಗಡಿಯವರೆಗೆ ಬಂದಿದೆ. ಇನ್ನು ಈ ರಸ್ತೆಯಲ್ಲಿ ಕಾರು, ಬೈಕು ಯಾವುದೂ ಇಲ್ಲವಂತೆ. ಬರೀ ನಡೆಯುವವರಿಗೆ. ಕಲ್ಲು ಹಾಸು, ಬೆಂಚು, ಗಿಡದ ಕುಂಡ.

ಹನ್ನೊಂದು ಗಂಟೆಗೆ ಸೂಪರ್‌ವೈಸರ್ ಬಂದ. ಸದಾ ಹಳದಿ ಟೋಪಿ. ನಾನೂ ಹಾಗೇ ಕರೆಯುತ್ತೇನೆ. ನಮ್ಮ ಬಾಗಿಲ ಪಕ್ಕದ ಕಬ್ಬಿಣದ ಕೊಳವೆಯನ್ನು ತಟ್ಟಿ ಕೇಳಿದ — "ಅಮ್ಮ, ಇದು ಯಾರದು? ನಿಮ್ಮದಾ?"

ಆ ಕೊಳವೆ ನಾನು ಮದುವೆಯಾಗಿ ಬಂದಾಗಿನಿಂದ ಇದೆ. ಎರಡಾಳು ಎತ್ತರ. ಬಿಸಿಲಿಗೆ ಕಟ್ಟುವ ಬಟ್ಟೆಯ ಹಗ್ಗವನ್ನು ಅದಕ್ಕೇ ಬಿಗಿಯುತ್ತೇವೆ. ಮಾವನವರು ಇದ್ದಾಗ ಹೇಳುತ್ತಿದ್ದರು — ರಸ್ತೆಯ ಕೆಳಗೆ ದೊಡ್ಡ ಗುಂಡಿ ಇದೆ, ಬೀದಿಯ ಕೊಳಕೆಲ್ಲ ಅಲ್ಲಿಗೇ ಹೋಗುವುದು, ಈ ಕೊಳವೆ ರಸ್ತೆಯ ಮೂಗು, ಇದನ್ನು ಮಾತ್ರ ಯಾರೂ ಮುಚ್ಚಬಾರದು.

ಇಷ್ಟೂ ಬಾಯಿಗೆ ಬಂತು. ಆಡಲಿಲ್ಲ. ದೇವರಿಗೆ ಕೊಟ್ಟ ಮಾತು. ಇವರು ಬಟ್ಟೆ ತರಲು ಹೋಗಿದ್ದರು. ಕೈಯಲ್ಲಿ ಏನೋ ತೋರಿಸಲು ಹೋದೆ, ಹಳದಿ ಟೋಪಿ ಆಗಲೇ ಫೋನ್ ಕಿವಿಗಿಟ್ಟುಕೊಂಡು ಮುಂದೆ ಹೋಗಿದ್ದ. ನಾಳೆ ಹೇಳಿದರಾಯಿತು ಅಂದುಕೊಂಡೆ.

ಸಂಜೆ ದೀಪ ಹಚ್ಚಿ ಮೌನ ಬಿಟ್ಟು ಹೊರಗೆ ಬಂದರೆ ಕೊಳವೆ ಇಲ್ಲ. ಬುಡಕ್ಕೆ ಕತ್ತರಿಸಿ, ತಗಡು ಹೊದಿಸಿ, ಮೇಲೆ ಕಲ್ಲು ಕೂರಿಸಿ ಆಗಿದೆ. ನಮ್ಮ ಹಗ್ಗವನ್ನು ಮಾತ್ರ ಸುತ್ತಿ ಬಾಗಿಲಲ್ಲಿ ಇಟ್ಟು ಹೋಗಿದ್ದಾರೆ. ಮರ್ಯಾದಸ್ಥರು.

ಫೆಬ್ರವರಿ 5, ಬುಧವಾರ

ಹಳದಿ ಟೋಪಿಯನ್ನು ಹಿಡಿದು ನಿಲ್ಲಿಸಿ ಎಲ್ಲ ಹೇಳಿದೆ. ನಕ್ಷೆ ಬಿಚ್ಚಿ ತೋರಿಸಿದ.

"ನಕ್ಷೆಯಲ್ಲಿ ಗುಂಡೀನೇ ಇಲ್ಲಮ್ಮ. ಎಲ್ಲಾ ಹೊಸ ಪೈಪಿಗೆ ಸೇರಿಸಿದೀವಿ."

"ನಕ್ಷೆ ಬರೆದವರು ಇಲ್ಲಿ ಬಂದು ನೋಡಿದ್ರಾ?"

"ಮೊನ್ನೆ ನಾನೇ ನಿಮ್ಮನ್ನ ಕೇಳಿದ್ನಲ್ಲ. ಆವಾಗ ಹೇಳ್ಬೇಕಿತ್ತು."



ಫೆಬ್ರವರಿ 11, ಮಂಗಳವಾರ

ಸುಳ್ಳು ಹೇಳಬಾರದು, ರಸ್ತೆ ಚೆನ್ನಾಗಿ ಆಗಿದೆ. ಕೋಲು ಹಿಡಿದ ಮುದುಕಿಯೊಬ್ಬರು ಈ ತುದಿಯಿಂದ ಆ ತುದಿಗೆ ಒಬ್ಬರೇ ಹೋದರು, ನಡುವೆ ಬೆಂಚಿನಲ್ಲಿ ಕೂತು ಸುಧಾರಿಸಿಕೊಂಡರು. ಹಾರ್ನ್ ಇಲ್ಲ. ಬೇಕರಿಯವನ ರೇಡಿಯೋ ನಮ್ಮ ತನಕ ಕೇಳುತ್ತದೆ. ಇಷ್ಟು ವರ್ಷ ಅವನ ಹತ್ತಿರ ರೇಡಿಯೋ ಇದೆ ಅಂತಲೇ ಗೊತ್ತಿರಲಿಲ್ಲ.

ಆದರೆ ರಸ್ತೆಯನ್ನು ಎತ್ತರಿಸಿದ್ದಾರೆ. ಮೊದಲು ನಮ್ಮ ಅಂಗಡಿಗೆ ಒಂದು ಮೆಟ್ಟಿಲು ಇಳಿಯಬೇಕಿತ್ತು. ಈಗ ಮೂರು. ಬೀದಿಯಲ್ಲೆಲ್ಲ ತಗ್ಗಿನಲ್ಲಿರುವುದು ನಮ್ಮದೊಂದೇ.

ಇವರಿಗೆ ಖುಷಿ. ಉದ್ಘಾಟನೆಯ ದಿನ ಅಂಗಡಿಯವರೆಲ್ಲ ಒಂದೇ ಬಣ್ಣದ ಏಪ್ರನ್ ಹಾಕಬೇಕಂತೆ. ನಲವತ್ತು ಏಪ್ರನ್, ಹೊಲಿಯುವ ಕೆಲಸ ಇವರಿಗೆ ಬಂದಿದೆ. ಮಾರ್ಚ್ ಮೂರಕ್ಕೆ ಕೊಡಬೇಕು.

ಫೆಬ್ರವರಿ 14, ಶುಕ್ರವಾರ

ಹಿಂದಿನ ಕೋಣೆಯಲ್ಲಿ ವಾಸನೆ. ಕೊಳೆತ ಮೊಟ್ಟೆಯದು. ನಮ್ಮ ಮನೆಯೊಳಗೆ ಮೊಟ್ಟೆಯೇ ಬರುವುದಿಲ್ಲ. ಬಚ್ಚಲು ಮೂರು ಸಲ ತೊಳೆದೆ. ಹೋಗಲಿಲ್ಲ. ನೆಲದ ಹತ್ತಿರ ಬಗ್ಗಿದರೆ ಹೆಚ್ಚು.

ಮಗಳು ಬೆಳಿಗ್ಗೆ ಪುಟ್ಟಿಯನ್ನು ಬಿಡಲು ಬಂದವಳು ಮೂಗು ಮುಚ್ಚಿಕೊಂಡಳು. "ಅಮ್ಮಾ, ಏನಿದು?" ಆಸ್ಪತ್ರೆಯಲ್ಲಿ ಅವಳಿಗೆ ಹಗಲು ಡ್ಯೂಟಿ. ಮೂರು ವರ್ಷದ ಮಗು ಬೆಳಿಗ್ಗೆಯಿಂದ ಸಂಜೆಯವರೆಗೆ ನಮ್ಮಲ್ಲೇ.

ಫೆಬ್ರವರಿ 17, ಸೋಮವಾರ

ಉಪವಾಸ, ಮೌನ. ದೀಪ ಉಜ್ಜಲು ಕೈಗೆ ತೆಗೆದುಕೊಂಡರೆ ಕಂದುಬಣ್ಣಕ್ಕೆ ತಿರುಗಿದೆ. ಬರೀ ಒಂದು ವಾರಕ್ಕೆ. ಎಷ್ಟು ವರ್ಷದ ದೀಪ, ಹೀಗೆ ಯಾವತ್ತೂ ಆಗಿಲ್ಲ. ಅರ್ಧ ಗಂಟೆ ತಿಕ್ಕಿದೆ.

ಏನು ತಪ್ಪು ಮಾಡಿದೆನೋ. ಮಾತಾಡಬೇಕಾದ ದಿನ ಬಾಯಿ ಮುಚ್ಚಿಕೊಂಡದ್ದು, ಅದೇ.

ಫೆಬ್ರವರಿ 19, ಬುಧವಾರ

ಸೋಮವಾರ ತಿಕ್ಕಿದ ದೀಪ ಇವತ್ತಿಗೇ ಮಸುಕು. ಇವರಿಗೆ ತೋರಿಸಿದೆ.

"ಹೊಟ್ಟೆಗೆ ಹಾಕ್ಕೊಳ್ಳದೆ ಇದ್ರೆ ಮೂಗು ಚುರುಕಾಗುತ್ತೆ, ಕಣ್ಣು ಮಂಜಾಗುತ್ತೆ ಕಣೇ. ದೀಪಕ್ಕೇನೂ ಆಗಿಲ್ಲ."

"ನಿಮ್ಮ ಕಣ್ಣು ಯಾಕೆ ಹಾಗೆ ಕೆಂಪಗಿದೆ? ನೀವು ಮೂರು ಹೊತ್ತೂ ತಿಂತೀರಲ್ಲ."

"ಹಗಲೆಲ್ಲಾ ಕಪ್ಪು ದಾರ ಕಪ್ಪು ಬಟ್ಟೇಲಿ ಹೊಲೀತಾ ಕೂತ್ರೆ ಇನ್ನೇನಾಗುತ್ತೆ."

ಏಪ್ರನ್ ಹಸಿರು ಬಣ್ಣದ್ದು.

ಫೆಬ್ರವರಿ 21, ಶುಕ್ರವಾರ

ವಾಸನೆ ನಿಂತಿತು. ಬೆಳಿಗ್ಗೆ ಕೆಲಸ ಶುರುಮಾಡುವಾಗ ಇತ್ತು, ಪೂಜೆ ಮುಗಿಸುವಷ್ಟರಲ್ಲಿ ಇಲ್ಲ. ಇವರನ್ನು ಕೇಳಿದೆ, ಅವರಿಗೂ ಇಲ್ಲ. ಕೈಮುಗಿದೆ. ದೇವರು ದೊಡ್ಡವನು.

ತಲೆ ಮಾತ್ರ ಸಿಡಿಯುತ್ತಿದೆ.

ಅದೇ ದಿನ, ಮಧ್ಯಾಹ್ನ

ದೀಪ ಕಪ್ಪಾಗಿದೆ. ಕಂದು ಅಲ್ಲ, ಕಪ್ಪು. ಬೆಳಿಗ್ಗೆ ತಿಕ್ಕಿಟ್ಟಾಗ ಬೆಳ್ಳಗಿತ್ತು. ವಾಸನೆ ಹೋದ ಮೇಲೆ ಇದು ಯಾಕೆ...

ಫೆಬ್ರವರಿ 22, ಶನಿವಾರ

ಇವತ್ತಿನದನ್ನು ಬರೆದಿಡಲೇಬೇಕು.

ಊಟವಾದ ಮೇಲೆ ಪುಟ್ಟಿಯನ್ನು ಎಂದಿನ ಹಾಗೆ ಕಟಿಂಗ್ ಟೇಬಲ್ಲಿನ ಕೆಳಗೆ ಚಾಪೆಯಲ್ಲಿ ಮಲಗಿಸಿದೆ. ಅವಳಿಗೆ ಅದು ಅವಳ ಮನೆ. ನಾಲ್ಕಕ್ಕೆ ಎಬ್ಬಿಸಿದರೆ ಏಳಲಿಲ್ಲ. ಅಲುಗಾಡಿಸಿದೆ. ಕಣ್ಣು ಅರ್ಧ ತೆರೆದಳು, ನನ್ನನ್ನು ನೋಡಲಿಲ್ಲ. ಎತ್ತಿಕೊಂಡು ಮೂರು ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಹೊರಗೆ ಬೆಂಚಿನ ಮೇಲೆ ಕೂತು ಮುಖಕ್ಕೆ ನೀರು ಹಾಕಿದೆ. ಸ್ವಲ್ಪ ಹೊತ್ತಿಗೆ ವಾಂತಿ ಮಾಡಿಕೊಂಡಳು, ಆಮೇಲೆ ಅತ್ತಳು. ಆ ಅಳು ಕೇಳಿ ಜೀವ ಬಂತು.

ಮಗಳು ಬಂದಳು. ಮಗುವನ್ನು ಕಿತ್ತುಕೊಂಡಳು ಅನ್ನಬೇಕು. "ಇನ್ಮೇಲೆ ಇಲ್ಲಿ ಬಿಡಲ್ಲ. ನೀವಿಬ್ರೂ ನನ್ನ ಮನೆಗೆ ಬಂದ್ಬಿಡಿ." ಇವರು ಏಪ್ರನ್ ತೋರಿಸಿದರು. ಅವಳು ಅದರ ಕಡೆ ನೋಡಲೂ ಇಲ್ಲ.

ಫೆಬ್ರವರಿ 25, ಮಂಗಳವಾರ

ಪೈಪಿನ ಅಜ್ಜನನ್ನು ಕರೆಸಿದೆ. ಹಿಂದೆ ಈ ಬೀದಿಯ ನಲ್ಲಿ, ಚರಂಡಿ ಎಲ್ಲ ನೋಡಿಕೊಳ್ಳುತ್ತಿದ್ದವರು. ಮಾವನವರ ಸ್ನೇಹಿತರು. ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೆಯೇ ನಿಂತು, ದೀಪ ತರಲು ಹೇಳಿ, ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.

"ವಾಸನೆ ಇದ್ಯಾ?"

"ಇಲ್ಲ. ಶುಕ್ರವಾರವೇ ನಿಂತುಹೋಯ್ತು."

"ನಿಂತಿಲ್ಲ ತಾಯಿ. ಕಡಿಮೆ ಇದ್ದಾಗ ನಾತ. ಜಾಸ್ತಿ ಆದ್ರೆ ಮೊದಲು ಮೂಗನ್ನೇ ಸಾಯಿಸುತ್ತೆ. ಆಮೇಲೆ ಮನುಷ್ಯನನ್ನ. ಮೂಗು ಸುಳ್ಳು ಹೇಳುತ್ತೆ, ಬೆಳ್ಳಿ ಹೇಳಲ್ಲ."

ಗುಂಡಿಯ ಗಾಳಿ ಭಾರವಂತೆ. ತಗ್ಗು ಹುಡುಕಿಕೊಂಡು ಬರುತ್ತದಂತೆ. ಕೊಳವೆ ಇದ್ದಾಗ ಮೇಲೆ ಹೋಗುತ್ತಿತ್ತು. ಈಗ ಮೇಲೆಲ್ಲ ಕಲ್ಲು, ಹೋಗಲು ಇರುವುದು ನಮ್ಮ ಬಚ್ಚಲು ಒಂದೇ.

"ಗುಂಡಿ ಕದಡಿದ್ರೆ ಮಾತ್ರ ಮುಗೀತು. ಒಂದೇ ಉಸಿರು ಸಾಕು. ಇನ್ನೊಂದು ಮಾತು. ಯಾರಾದ್ರೂ ಬಿದ್ರೆ ಎತ್ತೋಕೆ ಇಳೀಬೇಡಿ. ನಮ್ಮ ಕೆಲಸದಲ್ಲಿ ಹಾಗೆ ಅಣ್ಣನ ಹಿಂದೆ ತಮ್ಮ, ತಮ್ಮನ ಹಿಂದೆ ಭಾವ ಹೋಗಿದ್ದು ನೋಡಿದೀನಿ."

ಇವರು ಒಳಗಿಂದಲೇ ಕೂಗಿದರು — "ಅಜ್ಜ, ಹೆದರಿಸಿದ್ದು ಸಾಕು, ಒಳಗ್ಬಂದು ಕಾಫಿ ಕುಡೀರಿ."

ಅಜ್ಜ ನಗಲಿಲ್ಲ. "ನೀನೇ ಹೊರಗೆ ಬಾರಪ್ಪ" ಅಂದರು.

ಫೆಬ್ರವರಿ 26, ಬುಧವಾರ

ನಗರಸಭೆ ಆಫೀಸಿಗೆ ಹೋದೆ. ಅರ್ಜಿ ನಾನೇ ಬರೆದೆ. ಹಳ್ಳಿ ಶಾಲೆಯ ಅಕ್ಷರ, ಆದರೆ ದುಂಡಗಿದೆ. ಕೊಳವೆ ಮತ್ತೆ ನಿಲ್ಲಿಸಬೇಕು, ಅಲ್ಲಿಯವರೆಗೆ ಚರಂಡಿಗೆ ನೀರು ನುಗ್ಗಿಸಬಾರದು, ಜೀವದ ಪ್ರಶ್ನೆ ಎಂದು ಬರೆದೆ. ದೀಪವನ್ನೂ ಒಯ್ದಿದ್ದೆ. ಎರಡನೇ ಕಿಟಕಿಯ ಹೆಂಗಸು ಒಳ್ಳೆಯವಳು. ದೀಪ ನೋಡಿ, "ಹುಣಸೆಹಣ್ಣು ಹಾಕಿ ತೊಳೀರಿ ಅಮ್ಮ, ಚೆನ್ನಾಗಿ ಬಿಡುತ್ತೆ" ಅಂದಳು.

ಒಂದು ಚೀಟಿ ಕೊಟ್ಟಳು. ಸೋಮವಾರ ನಾಲ್ಕು ಗಂಟೆಯೊಳಗೆ ಚೀಟಿ ತೋರಿಸಿದರೆ ಉತ್ತರ ಕೈಗೆ. ನಾನೇ ಬರಬೇಕೆಂದಿಲ್ಲ, ಚೀಟಿ ತಂದವರಿಗೆ ಕೊಡುತ್ತಾರೆ. ಆಮೇಲೆ ಸಾಹೇಬರು ಹದಿನೈದು ದಿನ ರಜೆ.

ಮಾರ್ಚ್ 1, ಶನಿವಾರ

ಮಲಗುವುದು ಈಗ ಮಗಳ ಮನೆಯಲ್ಲಿ. ಹಗಲು ಮಾತ್ರ ಇವರು ಹಠ ಹಿಡಿದು ಅಂಗಡಿಗೆ ಬರುತ್ತಾರೆ. ಮಿಷನ್ನನ್ನು ಮೇಲಕ್ಕೆ ತನ್ನಿ ಎಂದರೆ, ನೆಲಕ್ಕೆ ಬೋಲ್ಟ್ ಹಾಕಿದೆ, ಮೋಟರಿನ ವೈರ್ ಅಲ್ಲೇ ಇದೆ ಎನ್ನುತ್ತಾರೆ. ಒಪ್ಪಂದವಾಗಿದೆ — ಬಾಗಿಲು ತೆರೆದಿರಬೇಕು, ಫ್ಯಾನ್ ಓಡುತ್ತಿರಬೇಕು, ಅರ್ಧ ಗಂಟೆಗೊಮ್ಮೆ ಮೇಲೆ ಬರಬೇಕು. ನಾನು ಬಾಗಿಲೆದುರಿನ ಬೆಂಚಿನಲ್ಲಿ ಕೂತು ಮಿಷನ್ ಸದ್ದು ಕೇಳುತ್ತಿರುತ್ತೇನೆ. ಸದ್ದು ಇದ್ದರೆ ಇವರಿದ್ದಾರೆ.

ಮೂವತ್ತೆರಡು ಏಪ್ರನ್ ಆಗಿದೆ. ಇವರ ಮಾತು ನಿಧಾನವಾಗಿದೆ. ಕತ್ತರಿ ಎಲ್ಲಿಟ್ಟೆ ಎಂದು ಎರಡು ಸಲ ಕೇಳಿದರು. ಕೈಯಲ್ಲೇ ಇತ್ತು.

ಮಾರ್ಚ್ 3, ಸೋಮವಾರ, ಬೆಳಿಗ್ಗೆ 11

ಉಪವಾಸ. ಮೌನ. ಬೇಡವೆಂದುಕೊಂಡಿದ್ದೆ, ಆದರೆ ಇಂಥ ದಿನದಲ್ಲೇ ವ್ರತ ಬಿಟ್ಟರೆ ಹೇಗೆ. ಮಾತಿನ ಬದಲು ಬರೆಯುತ್ತಿದ್ದೇನೆ, ಬೆಂಚಿನ ಮೇಲೆ.

ಸಂಜೆ ಐದಕ್ಕೆ ಉದ್ಘಾಟನೆ. ಬೀದಿಯ ಆ ತುದಿಯಲ್ಲಿ ಶಾಮಿಯಾನ, ಮೈಕು. ಅಂಗಡಿಯವರೆಲ್ಲ ಅಲ್ಲೇ. ಇನ್ನು ಮೂರು ಏಪ್ರನ್.

1.30

ಆಫೀಸಿಗೆ ಹೊರಡಬೇಕು. ಹೋಗಿಬರಲು ಒಂದು ಗಂಟೆ ಬೇಕು. ಇವರನ್ನು ಬಿಟ್ಟು ಹೇಗೆ ಹೋಗಲಿ? ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿ ಕರೆದೆ. "ಎರಡೇ ಎರಡು ಬಾಕಿ. ಮುಗಿಸಿ ನಾನೇ ಜೊತೆಗೆ ಬರ್ತೀನಿ, ಉತ್ತರ ಇಬ್ರೂ ತರೋಣ" ಅಂದರು. ಸರಿ. ಕಾಯುತ್ತೇನೆ.

2.10

ನೀರಿನ ಟ್ಯಾಂಕರ್ ಬಂದಿದೆ. ಹೊಸ ಕಲ್ಲು ತೊಳೆಯಲು. ದಪ್ಪ ಪೈಪಿನಿಂದ ನೀರು ಹೊಡೆಯುತ್ತಿದ್ದಾರೆ. ಎಲ್ಲ ಚರಂಡಿಯ ಕಿಂಡಿಯೊಳಗೆ ನುಗ್ಗುತ್ತಿದೆ. ಕಲ್ಲಿನ ಕೆಳಗೆ ಗುಡುಗುಡು ಸದ್ದು. ಬೆಂಚು ನಡುಗಿತು.

ಓಡಿಹೋಗಿ ಹಳದಿ ಟೋಪಿಯ ಎದುರು ಎರಡೂ ಕೈ ಅಡ್ಡ ಹಿಡಿದೆ. "ಇವತ್ತು ಸೋಮವಾರ ಅಲ್ವಾಮ್ಮ, ನಿಮಗೆ ಮಾತಿಲ್ಲ" ಎಂದು ನಕ್ಕ. ಗೊತ್ತಾಗಿದೆ ಅವನಿಗೂ. ಬಾಯಿ ಬಿಟ್ಟೆ. "ನಿಲ್ಲಿಸಿ. ಕೆಳಗೆ ನಮ್ಮವರಿದ್ದಾರೆ." ನನ್ನ ದನಿ ನನಗೇ ಪರಕೀಯವಾಗಿತ್ತು. ಅವನ ನಗು ಹೋಯಿತು. ಟ್ಯಾಂಕರಿನವನ ಕಡೆ ಓಡಿದ. ಮೈಕಿನ ಗಲಾಟೆಯಲ್ಲಿ ಇವನ ಕೂಗು ಟ್ಯಾಂಕರಿನವನಿಗೆ ಕೇಳಿಸುತ್ತಿಲ್ಲ.

2.20

ಮಿಷನ್ ಸದ್ದು ಇಲ್ಲ.

ದಾರ ಬದಲಿಸುತ್ತಿರಬೇಕು. ಅದಕ್ಕೆ ಇಷ್ಟು ಹೊತ್ತು ಹಿಡಿಯುವುದಿಲ್ಲ.

ಮೂರು ಸಲ ಕೂಗಿದೆ. ರೀ ಎಂದೆ. ಹೆಸರು ಹಿಡಿದೂ ಕೂಗಿದೆ, ಮದುವೆಯಾದ ಮೇಲೆ ಮೊದಲ ಸಲ. ಫ್ಯಾನ್ ತಿರುಗುತ್ತಿರುವುದು ಕಾಣುತ್ತದೆ. ಅವರ ಕಾಲು ಕಾಣುತ್ತದೆ. ಅಲುಗಾಡುತ್ತಿಲ್ಲ.

ಅಜ್ಜ ಹೇಳಿದ್ದು ನೆನಪಿದೆ. ಇಳಿಯಬೇಡ ಎಂದದ್ದು. ನೆನಪಿದೆ.

ಸೆರಗು ಒದ್ದೆ ಮಾಡಿಕೊಂಡಿದ್ದೇನೆ. ಉಸಿರು ಬಿಗಿಹಿಡಿದರೆ ಮೂರು ಮೆಟ್ಟಿಲು, ಹತ್ತು ಹೆಜ್ಜೆ. ದೇವರು ನನ್ನ ಮೌನವನ್ನು ಕ್ಷಮಿಸಲಿ, ಆವತ್ತಿನದನ್ನು.

ಚೀಟಿ ಈ ಪುಸ್ತಕದಲ್ಲೇ ಇಟ್ಟಿದ್ದೇನೆ. ಬೆಂಚಿನ ಮೇಲೆ ಬಿಟ್ಟು ಹೋಗುತ್ತೇನೆ. ಯಾರ ಕೈಗೆ ಸಿಕ್ಕರೂ ಸರಿ, ನಾಲ್ಕು ಗಂಟೆಯೊಳಗೆ ಎರಡನೇ ಕಿಟಕಿಗೆ ಹೋಗಿ ನನಗೆ ಬಂದ ಉತ್ತರ ತಂದು