ಅಕ್ಕ ತಿರುಗಿಸಿಟ್ಟ ರಿಂಗ್

ಅಕ್ಕಾ,

ನಿನ್ನ ಲೆನ್ಸ್‌ಗೆಂದು ಇವತ್ತು ಒಂದು ಡಿಜಿಟಲ್ ಕ್ಯಾಮೆರಾ ತಂದೆ. ನಿನ್ನ ಹಳೆಯ ಕ್ಯಾಮೆರಾ ಕೆಟ್ಟು ಕೂತಿದೆ. ಲೆನ್ಸ್ ಮಾತ್ರ ನೀನು ಇಟ್ಟುಹೋದ ಹಾಗೆಯೇ ಇದೆ.

ಅಂಗಡಿಯವನು ಲೆನ್ಸ್ ಇಲ್ಲದ ಎರಡು ಕ್ಯಾಮೆರಾ ಬಾಡಿ ತೋರಿಸಿದ. "ಈ ಚಿಕ್ಕದರಲ್ಲಿ ಚಿತ್ರದ ಅಂಚು ಕತ್ತರಿಸಿ ಹೋಗುತ್ತೆ ಸಾರ್. ದೊಡ್ಡದರಲ್ಲಿ ಲೆನ್ಸ್ ಕಂಡಿದ್ದೆಲ್ಲ ಬರುತ್ತೆ. ಫೋಕಸ್ ಕೂತ ಕಡೆ ಪರದೆಯಲ್ಲಿ ಕೆಂಪು ಗೆರೆ ಹೊಳೆಯುತ್ತೆ."

ನೀನು ಕಂಡದ್ದರಲ್ಲಿ ಒಂಚೂರನ್ನೂ ಕತ್ತರಿಸಲು ಮನಸ್ಸು ಬರಲಿಲ್ಲ. ದೊಡ್ಡದನ್ನೇ ಕೇಳಿದೆ. ಅವನು ಲೆನ್ಸ್ ಜೋಡಿಸಿ, ಫೋಕಸ್ ರಿಂಗಿಗೆ ಕೈ ಹಾಕಿದ.

"ತಿರುಗಿಸಬೇಡಿ!" ಎಂದು ಕೂಗಿಬಿಟ್ಟೆ. ಅಂಗಡಿಯಲ್ಲಿದ್ದವರೆಲ್ಲ ನನ್ನತ್ತ ನೋಡಿದರು.

"ಇದು ಮ್ಯಾನುಯಲ್ ಲೆನ್ಸ್ ಸಾರ್, ಕೈಯಲ್ಲೇ ತಿರುಗಿಸಿ ಫೋಕಸ್ ಮಾಡ್ಬೇಕು. ತಿರುಗಿಸದೆ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀರಾ?"

ಅವನಿಗೆ ಏನೆಂದು ಹೇಳಲಿ? ಆ ರಿಂಗನ್ನು ಕೊನೆಯ ಸಲ ತಿರುಗಿಸಿದ್ದು ನೀನು.

ಮನೆಗೆ ಬಂದವನೇ ಕಿಟಕಿ ಪಕ್ಕದ ನಿನ್ನ ಕುರ್ಚಿಯಲ್ಲಿ ಕೂತು, ನೀನು ಹಿಡಿಯುತ್ತಿದ್ದ ಹಾಗೆ ಹಿಡಿದು ನೋಡಿದೆ. ಮೇಜು ಮಸುಕು. ಬಾಗಿಲಾಚೆಯ ಒಲೆಯೂ ಮಸುಕು. ನಡುವೆ, ಅಡುಗೆಮನೆಯ ಬಾಗಿಲ ಚೌಕಟ್ಟು ಮಾತ್ರ ಕೆಂಪಗೆ ಹೊಳೆಯುತ್ತಿತ್ತು.

ಅವತ್ತು ನಾನು ಮುಖಕ್ಕೆ ಕೈ ಅಡ್ಡ ಹಿಡಿದು ನಿಂತಿದ್ದು ಅಲ್ಲೇ ಅಲ್ಲವೇ?

"ಕೈ ತೆಗಿಯೋ ಕೋತಿ, ಒಂದೇ ಒಂದು," ಎಂದಿದ್ದೆ ನೀನು.

"ಈಗ ಬೇಡಕ್ಕ. ನೀನು ಆಸ್ಪತ್ರೆಯಿಂದ ಬಂದ್ಮೇಲೆ ಎಷ್ಟು ಬೇಕಾದ್ರೂ ತೆಗಿ," ಎಂದಿದ್ದೆ ನಾನು.

ಕ್ಯಾಮೆರಾವನ್ನು ನಿನ್ನ ಕುರ್ಚಿಯ ಮೇಲಿಟ್ಟೆ. ಟೈಮರ್ ಹಾಕುವುದು ಬೇಡವೆನಿಸಿತು. ಆ ಬಾಗಿಲಲ್ಲಿ ಹೋಗಿ, ಎರಡೂ ಕೈ ಕೆಳಗೆ ಬಿಟ್ಟು, ಕತ್ತಲಾಗುವವರೆಗೂ ನಿಂತಿದ್ದೆ.