ಬಿಚ್ಚಿಟ್ಟ ಕರಡಿಗೆ

ಶೆಟ್ಟಿಕೊಪ್ಪ
೯-೨-೨೦೨೫

ನನ್ನ ಬಂಗಾರದಂಥ ಸಿರಿಗೆ,

ಅಮ್ಮನ ಆಶೀರ್ವಾದ. ಹನ್ನೆರಡು ದಿನದಿಂದ ಫೋನ್ ಎತ್ತಿಲ್ಲವೆಂದು ಗಾಬರಿಯಾಗಬೇಡ, ಗುಂಡುಕಲ್ಲಿನ ಹಾಗಿದ್ದೇನೆ. ಫೋನಿನಲ್ಲಾದರೆ ನಿನ್ನ ದನಿ ಕೇಳುತ್ತಲೇ ಅಳು ಬಂದು, ಹೇಳಬೇಕಾದ್ದು ಹೇಳದೇ ಫೋನ್ ಇಟ್ಟುಬಿಡುತ್ತೇನೆ. ಅದಕ್ಕೇ ಹೊಲಿಗೆ ಮೆಷಿನ್ನಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಗುಡ್ಡಮ್ಮನ ರವಿಕೆ ಕಾಯಲಿ.

ಅವತ್ತು ಬೆಂಗಳೂರಿನ ನಿನ್ನ ಪ್ರಯೋಗಾಲಯದಲ್ಲಿ ಕಂಡದ್ದು ಇನ್ನೂ ಕಣ್ಣಲ್ಲೇ ಇದೆ ಕಣೇ. ಬೆರಳಿಗಿಂತ ಸಪೂರದ ಗಾಜಿನ ಕೊಳವೆಯಲ್ಲಿ ನೀರಿನಂಥದ್ದೇನೋ. ಅದರಲ್ಲಿ ಮಂಗನ ಕಾಯಿಲೆಯ ವೈರಸ್ಸಿನ ಒಂದು ಪ್ರೋಟೀನ್ ಇದೆ ಅಂದೆ ನೀನು. ನಿನ್ನಪ್ಪನನ್ನು ಕೊಂಡೊಯ್ದ ಅದೇ ಕಾಯಿಲೆ! ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಪರದೆಯ ತುಂಬ ಚುಕ್ಕೆಗಳು, ಕಜ್ಜಾಯದ ಮೇಲಿನ ಗಸಗಸೆಯ ಹಾಗೆ. ಕೊಳವೆಯನ್ನು ದೊಡ್ಡ ಆಯಸ್ಕಾಂತದೊಳಗೆ ಇಳಿಸಿ ರೇಡಿಯೋ ಅಲೆ ಬಿಟ್ಟರೆ, ಒಂದೊಂದು ಚುಕ್ಕೆಯೂ ಆ ಅಣುವಿನ ಒಂದೊಂದು ಜಾಗ ಕೊಡುವ ಉತ್ತರವಂತೆ. ದೊಡ್ಡ ಅಣು ಮೆಲ್ಲಗೆ ಹೊರಳುವುದರಿಂದ ಉತ್ತರ ಮಸುಕಾಗುತ್ತದಂತೆ, ಆ ಮಸುಕು ಕಳೆಯಲೆಂದೇ ಭಾರಜಲದಲ್ಲಿ, ಅಂದರೆ ತೂಕದ ಹೈಡ್ರೋಜನ್ ಇರುವ ನೀರಿನಲ್ಲಿ, ಬ್ಯಾಕ್ಟೀರಿಯಾ ಸಾಕಿ ಅವುಗಳಿಂದ ಪ್ರೋಟೀನ್ ಮಾಡಿಸಿದೆಯಂತೆ. ಎಲ್ಲಿಂದ ಬಂತೇ ಇಷ್ಟು ತಾಳ್ಮೆ? ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದವಳು! ಆಮೇಲೆ, ಮುಂದೆ ಔಷಧಿಯಾಗಬಹುದಾದ ಏನೋ ಒಂದನ್ನು ಬೆರೆಸಿ ತೆಗೆದ ಚಿತ್ರ ತೋರಿಸಿದೆ. ನಾಲ್ಕೇ ನಾಲ್ಕು ಚುಕ್ಕೆ ಜಾಗ ಬಿಟ್ಟು ಸರಿದಿದ್ದವು. ಅಲ್ಲೇ ಅದು ಅಂಟ್ಕೊಂಡಿದೆ ಅಮ್ಮ ಅಂದೆ. ಶಿವನೇ, ಕಣ್ಣಿಗೆ ಕಾಣದ್ದನ್ನೂ ಮಾತಾಡಿಸುತ್ತಾಳಲ್ಲ ನನ್ನ ಮಗಳು ಅನ್ನಿಸಿ ಕೈ ಮುಗಿಯುವಂತಾಯಿತು.

ಅಷ್ಟರಲ್ಲಿ ನೀನು ಆ ಆಳೆತ್ತರದ ಆಯಸ್ಕಾಂತದ ಹತ್ತಿರ ಹೋಗಲು ಕತ್ತಿನ ಶಿವದಾರ ಬಿಚ್ಚಿ, ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಲಾಕರಿನಲ್ಲಿಟ್ಟೆ. ಉಸಿರಿರುವ ತನಕ ಮೈಯಿಂದ ಅಗಲಬಾರದ್ದು! ಲೋಹ ಒಳಗೆ ಬಿಡಲ್ಲಮ್ಮ, ಆಸ್ಪತ್ರೆಯ ಎಂ.ಆರ್.ಐ. ಸ್ಕ್ಯಾನಿಂಗೂ ಇದೇ ವಿದ್ಯೆ, ಅಲ್ಲೂ ತೆಗೀಲೇಬೇಕು ಅಂದೆ. ಆ ಮಾತಿಗೆ ನನ್ನ ತಲೆಯೇ ಕೆಟ್ಟಿತು. ನಿನ್ನ ಮೇಷ್ಟ್ರ ಎದುರಿಗೇ, ಈ ಹಾಳು ಕೆಲ್ಸ ಬಿಟ್ಟು ನಡಿ ಊರಿಗೆ ಅಂತ ಕೂಗಾಡಿ, ಸಿಕ್ಕ ಬಸ್ಸು ಹತ್ತಿದೆ. ನೀನು ಬೇಡ ಅಂದ್ರೆ ಬಿಟ್ಟು ಬರ್ತೀನಮ್ಮ ಎಂಬ ನಿನ್ನ ಮೆಸೇಜು ಓದಿದಾಗಿನಿಂದ ನನ್ನನ್ನೇ ಬೈದುಕೊಳ್ಳುತ್ತಿದ್ದೇನೆ.

ಬರಬೇಡ. ಬಿಟ್ಟು ಬಂದರೆ ಕಾಲು ಮುರಿದೇನು. ಈ ಕವರಿನಲ್ಲಿ ನೂಲಿನ ಲಿಂಗವಸ್ತ್ರ ಹೊಲಿದು ಇಟ್ಟಿದ್ದೇನೆ; ಗುಂಡಿಯಿಲ್ಲ, ಜರಿಯಿಲ್ಲ, ಒಂದು ಪಿನ್ನೂ ಇಲ್ಲ. ಮೇಷ್ಟ್ರು ಒಪ್ಪಿದರೆ ಲಿಂಗವನ್ನು ಇದರಲ್ಲಿ ಕಟ್ಟಿಕೊಂಡು ಹೋಗು. ಒಪ್ಪದಿದ್ದರೆ ಶಿವನನ್ನು ನೆನೆದು ಬಿಚ್ಚಿಡು, ಕೆಲಸ ಮಾಡು. ಅವರ ಹತ್ತಿರ ನನ್ನ ಪರವಾಗಿ ಕ್ಷಮೆ ಕೇಳು.

ನಿನ್ನ ಬಾಯಿಬಡುಕಿ ಅಮ್ಮ,
ಸರ್ವಮಂಗಳಾ

ತಾ.ಕ.: ನಿನ್ನಪ್ಪನನ್ನು ಸ್ಕ್ಯಾನಿಂಗಿಗೆ ಮಲಗಿಸುವ ಮುಂಚೆ ಅವರ ಲಿಂಗ ಬಿಚ್ಚಿದವಳು ನಾನೇ. ಅವರಿಗೆ ಎಚ್ಚರವಿರಲಿಲ್ಲ, ಕೇಳಲಾಗಲಿಲ್ಲ. ಮೂರನೇ ದಿನ ಹೋಗಿಬಿಟ್ಟರು. ನನ್ನ ಕೈಯಿಂದಲೇ ಹೋದರು ಅಂತ ಒಂಬತ್ತು ವರ್ಷ ಯಾರಿಗೂ ಹೇಳದೆ ನಂಬಿಕೊಂಡಿದ್ದೆ. ಅವರನ್ನು ಕೊಂದದ್ದು ಆ ಕೊಳವೆಯಲ್ಲಿ ನೀನು ಹಿಡಿದಿಟ್ಟಿದ್ದೀಯಲ್ಲ, ಅದೇ ಅಲ್ಲವೇನೇ? ಹೌದಮ್ಮ ಅಂತ ಒಂದು ಸಾಲು ಬರೆದುಹಾಕು.